ತಮ್ಮನ ಕಾರಿಗೆ ದೊಡ್ಡ ಬ್ರೇಕು

ಇವತ್ತು ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ತರಲು ಅಂಗಳಕ್ಕೆ ಇಳಿದವಳು ಮೆಟ್ಟಿಲಲ್ಲೇ ನಿಂತುಬಿಟ್ಟೆ. ತಮ್ಮನ ಕೆಂಪು ಕಾರಿನ ಮುಂದಿನ ಚಕ್ರದ ಎದುರು ಅಪ್ಪ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಚಕ್ರದ ಸಂದಿನಿಂದ ಒಳಗೆ ಕಾಣುತ್ತದಲ್ಲ, ಬ್ರೇಕಿನ ಉಕ್ಕಿನ ತಟ್ಟೆ, ಅದಕ್ಕೆ ಡಿಸ್ಕು ಅಂತ ಹೆಸರು. ನಿನ್ನೆ ಸಂಜೆಯಷ್ಟೇ ತಮ್ಮ ಮಣಿಪಾಲದಿಂದ ಹೊಸತು ಹಾಕಿಸಿಕೊಂಡು ಬಂದಿದ್ದ. ಆಗ ತಿಕ್ಕಿದ ಸ್ಟೀಲ್ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಅದರ ಮೇಲೆ ತುಕ್ಕಿನ ತೆಳುವಾದ ಕೆಂಪು ಪದರ ಬಂದಿತ್ತು. ನಮ್ಮ ಮನೆ ಕಾಪುವಿನಲ್ಲಿ, ಸಮುದ್ರಕ್ಕೆ ಕೂಗಿದರೆ ಕೇಳುವಷ್ಟು ಹತ್ತಿರ. ಈ ಉಪ್ಪು ಗಾಳಿಗೆ ಕಬ್ಬಿಣ ಕಂಡರೆ ಆಗುವುದಿಲ್ಲ.

ಅಪ್ಪ ತುಕ್ಕನ್ನು ನೋಡುತ್ತಿದ್ದರು. ನಾನು ಅಪ್ಪನ ಕೈಗಳನ್ನು ನೋಡಿದೆ. ಖಾಲಿ ಇದ್ದವು. ಆದರೂ ಹೆದರಿದೆ.

ಎಂಬತ್ತು ದಾಟಿದ ಮುದುಕರ ಖಾಲಿ ಕೈ ಕಂಡು ಮಗಳಿಗೆ ಯಾಕೆ ಹೆದರಿಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ನಿಧಾನವಾಗಿ. ಈಚೆಗೆ ನನಗೆ ಎಲ್ಲವೂ ನಿಧಾನ. ಕಾಪುವಿನಿಂದ ಉಡುಪಿ, ಉಡುಪಿಯಿಂದ ಮಣಿಪಾಲ, ಎರಡು ಬಸ್ಸು ಹತ್ತಿಳಿದು ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸು ನಾನು. ಪುಸ್ತಕಗಳ ನಡುವೆ ಇರುವ ನಿಮಗೆಂಥ ಆಯಾಸ ಎನ್ನುವವರಿದ್ದಾರೆ. ಪುಸ್ತಕಗಳಿಂದ ಯಾರಿಗೂ ಆಯಾಸವಾಗುವುದಿಲ್ಲ. ಸಂಜೆಯ ಬಸ್ಸಿನಲ್ಲಿ ಕಟಪಾಡಿಯವರೆಗೆ ನಿಂತು ಬಂದು ಮನೆಯಲ್ಲಿ ಇಬ್ಬರು ಗಂಡಸರ ಮಾತನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಸಾಗಿಸುತ್ತೇನಲ್ಲ, ಅದರಿಂದ ಆಗುತ್ತದೆ.

ಆ ಇಬ್ಬರು ಅಂದರೆ ನನ್ನ ಅಪ್ಪ ಮತ್ತು ತಮ್ಮ ಸಂತು. ನನ್ನ ಗಂಡ ಮಸ್ಕತ್ತಿನಲ್ಲಿದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ನಮ್ಮಲ್ಲಿ ಹೆಣ್ಣುಮಕ್ಕಳು ತಾಯಿಯ ಮನೆಯಲ್ಲೇ ಉಳಿಯುವುದು ಹೊಸದಲ್ಲ, ಹಾಗಾಗಿ ನಾನು ಇಲ್ಲೇ ಉಳಿದೆ. ಅಮ್ಮ ತೀರಿಕೊಂಡ ಮೇಲೆ ಅವಳ ಅಡುಗೆಮನೆ ನನಗೆ ಬಂತು. ಅದರ ಜೊತೆಗೆ ಅವಳು ಮಾಡುತ್ತಿದ್ದ ಟಪಾಲು ಕೆಲಸವೂ ಬಂತು. ಅಪ್ಪ ಮತ್ತು ಸಂತು ನೇರವಾಗಿ ಮಾತಾಡುವುದಿಲ್ಲ. ಜಗಳವೇನೂ ಅಲ್ಲ. ಜಗಳವಾಗಿದ್ದರೆ ಯಾರಾದರೂ ಹಿರಿಯರು ಕೂತು ರಾಜಿ ಮಾಡಿಸುತ್ತಿದ್ದರು. ಅಪ್ಪ ಮೀನುಗಾರಿಕೆಯ ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವವರು. ಮಗ ಬೋಟು ಹತ್ತುವುದಿಲ್ಲ ಎಂದು ಗಲ್ಫಿಗೆ ಹೋದ. ಅಪ್ಪ ಏನೂ ಹೇಳಲಿಲ್ಲ. ಕೆಲವು ವರ್ಷಗಳ ನಂತರ ಮಗ ವಾಪಸು ಬಂದು ಉಡುಪಿಯಲ್ಲಿ ಬೋಟಿನ ಬಿಡಿಭಾಗಗಳ ಅಂಗಡಿ ಹಾಕಿದ. ಆಗಲೂ ಅಪ್ಪ ಏನೂ ಹೇಳಲಿಲ್ಲ. ಹೀಗೆ ಏನೂ ಹೇಳದೆ ಹೇಳದೆ ಅದೇ ರೂಢಿಯಾಗಿಬಿಟ್ಟಿತು. "ನಿನ್ನ ತಮ್ಮನಿಗೆ ಹೇಳು," "ಅಪ್ಪನಿಗೆ ಹೇಳು," ಈ ಎರಡು ವಾಕ್ಯಗಳ ನಡುವೆ ನನ್ನ ಕೂದಲು ಹಣ್ಣಾಯಿತು. ಒಂದೇ ಜಗಲಿಯಲ್ಲಿ ಮೂರು ಮಾರು ದೂರದಲ್ಲಿ ಕೂತಿರುತ್ತಾರೆ, ನಾನು ಒಲೆಯ ಮೇಲಿನ ಗಸಿ ಇಳಿಸಿ ಬಂದು ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಕು. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ.

ಆಮೇಲೆ, ಏಳೆಂಟು ವರ್ಷಗಳ ಹಿಂದೆ, ಈ ಕೆಂಪು ಕಾರು ಬಂತು. ಸಂತು ಅದನ್ನು ಎಲ್ಲಿಂದಲೋ ಹಳೆಯದು ಹುಡುಕಿ ತಂದ. ನೋಡಲಿಕ್ಕೆ ಸಣ್ಣ ಕಾರು. ಹಿಂದಿನ ಬಾಗಿಲು ಎತ್ತಿದರೆ ಒಂದು ಅಕ್ಕಿ ಮುಡಿ, ನಾಲ್ಕು ತೆಂಗಿನಕಾಯಿ ಹಿಡಿಯುವಷ್ಟು ಜಾಗ. ಎಂಜಿನ್ನು ಮಾತ್ರ ಇನ್ನೂರು ಕುದುರೆಗಳದ್ದಂತೆ.

"ಇದಕ್ಕೆ ಹಾಟ್ ಹ್ಯಾಚ್ ಅಂತ ಹೇಳುವುದು ಅಕ್ಕ," ಎಂದ.

"ಇನ್ನೂರು ಕುದುರೆ ಎಂತದಕ್ಕೆ ಮಾರಾಯ? ನಿನ್ನ ಅಂಗಡಿಗೆ ಹದಿನೈದು ಕಿಲೋಮೀಟರ್ ಅಲ್ವಾ ಇರುವುದು?"

ಅಂಗಡಿಗಲ್ಲ, ಭಾನುವಾರಗಳಿಗೆ ಎಂದು ಆಮೇಲೆ ಗೊತ್ತಾಯಿತು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಎದ್ದು ಶಿರ್ವ, ಬೆಳ್ಮಣ್ ದಾಟಿ ಕಾರ್ಕಳಕ್ಕೆ ಹೋಗಿ, ಅಲ್ಲಿ ಬಾಳೆಹಣ್ಣಿನ ಬನ್ಸು ತಿಂದು ಚಾ ಕುಡಿದು, ಬಜಗೋಳಿ ದಾಟಿ ಮಾಳದ ಘಾಟಿ ಹತ್ತುವುದು. ತುದಿ ಮುಟ್ಟಿ ಹಾಗೇ ತಿರುಗಿ ಇಳಿಯುವುದು. ಅಲ್ಲಿ ಯಾರ ಮನೆಯೂ ಇಲ್ಲ, ದೇವರ ಹರಕೆಯಿಲ್ಲ, ಕೊಳ್ಳುವುದು ಕೊಡುವುದು ಏನೂ ಇಲ್ಲ. ತಿರುವುಗಳಿವೆ, ಅಷ್ಟೆ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಮೂರನೆಯ ತಿರುವಿನ ನಂತರ ನಾನು ಕಣ್ಣು ತೆರೆಯಲಿಲ್ಲ. "ಕಾಡು ಎಷ್ಟು ಚಂದ ಉಂಟು ಅಲ್ವಾ ಅಕ್ಕ?" ಎಂದು ಕೇಳಿದ. ಹೌದು ಎಂದೆ.

ಅವನು ಹೋದಾಗಲೆಲ್ಲ ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ಪೇಪರು ಕೈಯಲ್ಲಿರುತ್ತಿತ್ತು, ಪುಟ ಮಗುಚುತ್ತಿರಲಿಲ್ಲ. ಕಾಯುತ್ತಿದ್ದರು ಎಂದರೆ ಅವರಿಗೆ ಸಿಟ್ಟು ಬರುತ್ತದೆ, ಆದ್ದರಿಂದ ಕೂತಿದ್ದರು ಎಂದೇ ಬರೆಯುತ್ತೇನೆ. ಹೆದ್ದಾರಿಯಿಂದ ನಮ್ಮ ಓಣಿಯ ಕಡೆಗೆ ತಿರುಗುವಲ್ಲಿ ಆ ಎಂಜಿನ್ನಿನ ಶಬ್ದ ನನಗೆ ಕೇಳುವ ಎಷ್ಟೋ ಮೊದಲೇ ಅವರಿಗೆ ಕೇಳುತ್ತಿತ್ತು. ಕತ್ತಲೆಯಲ್ಲಿ ಯಾವ ಬೋಟು ಬಂದರಿಗೆ ಬರುತ್ತಿದೆ ಎಂದು ಶಬ್ದದಲ್ಲೇ ಹೇಳುತ್ತಿದ್ದ ಕಿವಿ ಅದು. ಶಬ್ದ ಕೇಳಿದ ತಕ್ಷಣ ಪೇಪರು ಮಡಚಿ ಒಳಗೆ ಹೋಗಿಬಿಡುತ್ತಿದ್ದರು. ಸಂತು ಗೇಟು ತೆರೆದು ಬರುವಾಗ ಜಗಲಿಯಲ್ಲಿ ಯಾರೂ ಇರುತ್ತಿರಲಿಲ್ಲ.

"ನಿನ್ನ ತಮ್ಮನಿಗೆ ಹೇಳು, ಬೋಟಿಗೆ ಬ್ರೇಕ್ ಇಲ್ಲ. ಅದಕ್ಕೇ ನಾವು ದಡ ಕಾಣುವ ಮೊದಲೇ ಎಂಜಿನ್ನಿನ ವೇಗ ಇಳಿಸುವುದು. ಬ್ರೇಕ್ ಉಂಟು ಅಂತ ಧೈರ್ಯ ಇದ್ದವನೇ ಹಾಳಾಗುವುದು."

ನಾನು ಹೇಳಿದೆ. ಅವನಿಂದ ಬಂದ ಜವಾಬು, "ಅಪ್ಪನಿಗೆ ಹೇಳು, ಕಾರಿಗೆ ಉಂಟಲ್ಲ ಬ್ರೇಕ್. ಮತ್ತೆ ಎಂತ ಹೆದರಿಕೆ?"

ಆ ಬ್ರೇಕು ಒಂದು ಭಾನುವಾರ ಇಲ್ಲವಾಯಿತು. ಸಂತು ಮನೆಗೆ ಬಂದವನು ಕೈಕಾಲು ತೊಳೆಯದೆ ಅಡುಗೆಮನೆಗೆ ಬಂದು ಒಂದು ಚೊಂಬು ನೀರು ಕುಡಿದ. ಘಾಟಿ ಇಳಿಯುವಾಗ ತಿರುವು ತಿರುವಿಗೂ ಒತ್ತಿ ಒತ್ತಿ ಬ್ರೇಕು ಕಾದುಹೋಯಿತಂತೆ. ಒಳಗಿನ ಎಣ್ಣೆ ಕುದಿಯಿತಂತೆ.

"ಕಾಲಡಿಯಲ್ಲಿ ಪೆಡಲೇ ಇಲ್ಲ ಅಕ್ಕ. ಹತ್ತಿಯ ದಿಂಬು ಒತ್ತಿದ ಹಾಗೆ ಕೆಳಗೆ ಹೋಯ್ತು. ಗೇರ್ ಇಳಿಸಿ, ಗುಡ್ಡದ ಬದಿಯ ಚರಂಡಿಗೆ ಚಕ್ರ ಹಾಕಿ ನಿಲ್ಲಿಸಿದೆ."

"ಇನ್ನೊಂದು ಬದಿಯಲ್ಲಿ ಎಂತ ಇತ್ತು?"

"ಎಂತ ಇರ್ಲಿಲ್ಲ," ಎಂದ. ಆ ಘಾಟಿಯಲ್ಲಿ ಇನ್ನೊಂದು ಬದಿಯಲ್ಲಿ ಏನೂ ಇಲ್ಲ ಎಂದರೆ ಅರ್ಥವೇನೆಂದು ನನಗೆ ಗೊತ್ತಿತ್ತು. ಕೈಯಲ್ಲಿದ್ದ ಸೌಟು ಅಲ್ಲೇ ಇಟ್ಟು ಕೂತೆ.

ಅಪ್ಪನಿಗೆ ನಾನೇ ಹೇಳಬೇಕಾಯಿತು. ಅವರು ಕೇಳಿಸಿಕೊಂಡು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಬಂಗುಡೆ ಮೀನು ಹುರಿದ ದಿನ ಅಪ್ಪ ಊಟ ಬಿಟ್ಟದ್ದು ಅಮ್ಮ ಹೋದ ಮೇಲೆ ಅದೇ ಮೊದಲು. ಸಂಜೆ ಕರೆದು, "ಅವನಿಗೆ ಹೇಳು, ಆ ಕಾರನ್ನು ಮಾರ್ಲಿಕ್ಕೆ," ಎಂದರು. ಮಾರುವುದಿಲ್ಲ, ಬ್ರೇಕ್ ಬದಲಿಸುತ್ತೇನೆ ಎಂದು ಅವನಿಂದ ಉತ್ತರ ಬಂತು. ನಾನು ಆ ಉತ್ತರವನ್ನು ತಲುಪಿಸಿ, ತಲೆನೋವೆಂದು ಬಾಗಿಲು ಹಾಕಿಕೊಂಡು ಮಲಗಿದೆ. ನಿಜವಾಗಿಯೂ ತಲೆ ನೋಯುತ್ತಿತ್ತು.

ಆಮೇಲಿನ ಒಂದು ತಿಂಗಳು ನಮ್ಮ ಮನೆಯಲ್ಲಿ ಬ್ರೇಕಿನ ಮಾತು ಬಿಟ್ಟು ಬೇರೆ ಮಾತಿಲ್ಲ. ಮಣಿಪಾಲದಲ್ಲಿ ಸಂತುವಿನ ಗೆಳೆಯ ರೋಶನ್‌ನ ಗ್ಯಾರೇಜು ಇದೆ. ದೊಡ್ಡ ಮನೆಯ ವಿದ್ಯಾರ್ಥಿಗಳ ಕಾರುಗಳಿಗೆ ಇನ್ನಷ್ಟು ಶಬ್ದ ಬರುವ ಹಾಗೆ ಮಾಡಿಕೊಡುವುದು ಅವನ ಮುಖ್ಯ ಕಸುಬು. ಅವನು, ಇವನು ಸೇರಿ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದರು. ಮೊದಲಿನ ಡಿಸ್ಕು ಚಾದ ತಟ್ಟೆಯಷ್ಟಿದ್ದರೆ ಹೊಸದು ಊಟದ ತಟ್ಟೆಯಷ್ಟು ಅಗಲ. ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಇಕ್ಕಳದಂಥದ್ದಕ್ಕೆ ಕ್ಯಾಲಿಪರ್ ಎಂದು ಹೆಸರು, ಅದೂ ದೊಡ್ಡದು. ಅದುಮುವ ಪ್ಯಾಡು ಎಷ್ಟು ಕಾದರೂ ಜಾರದಂಥದ್ದು. ರಬ್ಬರಿನ ಪೈಪಿನ ಬದಲು ಉಕ್ಕಿನ ತಂತಿ ಹೆಣೆದ ಪೈಪು. ಬೇಗ ಕುದಿಯದ ಎಣ್ಣೆ. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಗ್ರಂಥಾಲಯದಲ್ಲಿ ಕೂತಿದ್ದಾಗಲೂ ಅವನು ಇವುಗಳ ಚಿತ್ರ ಕಳಿಸುತ್ತಿದ್ದ. ಒಬ್ಬ ಪ್ರೊಫೆಸರು ಬಂದು ಯಾವುದೋ ಪುಸ್ತಕ ಕೇಳಿದಾಗ ನಾನು ಕ್ಯಾಲಿಪರಿನ ಬಣ್ಣ ಕೆಂಪೋ ಹಳದಿಯೋ ಎಂದು ಯೋಚಿಸುತ್ತಿದ್ದೆ. ವಯಸ್ಸಿಗೆ ತಕ್ಕ ಚಿಂತೆ ಎಲ್ಲರಿಗೂ ಸಿಗುವುದಿಲ್ಲ.

ಹಾಗೆ ನೋಡಿದರೆ ನನಗೆ ಒಳಗೊಳಗೆ ಸಿಟ್ಟೇ ಇತ್ತು. ಚೆನ್ನಾಗಿ ನಿಲ್ಲುತ್ತದೆ ಎಂದು ಗೊತ್ತಾದರೆ ಇನ್ನೂ ಜೋರು ಹೋಗುತ್ತಾನೆ, ಅಷ್ಟೇ ಅಲ್ಲವೇ ಎಂದು. ಅವನ ಹತ್ತಿರ ಅದನ್ನು ಹೇಳಿಯೂ ಹೇಳಿದೆ. "ಅಕ್ಕ, ಇದು ಸೇಫ್ಟಿಗೆ," ಎಂದ. ಅವನ ಕಣ್ಣು ಬೇರೆ ಹೇಳುತ್ತಿತ್ತು.

ಅಪ್ಪ ಮಾತ್ರ ನಾನು ನಿರೀಕ್ಷಿಸದ ರೀತಿಯಲ್ಲಿ ಮೆತ್ತಗಾದರು. ಹೊಸ ಬ್ರೇಕು ಹಾಕಿಸಿಕೊಂಡು ಕಾರು ಬಂದ ಶನಿವಾರ ಸಂಜೆ ಜಗಲಿ ಇಳಿದು ಬಂದು ಚಕ್ರದ ಎದುರು ಕುಕ್ಕುರುಗಾಲಿನಲ್ಲಿ ಕೂತರು. ಕಾರು ಮನೆಗೆ ಬಂದಾಗಿನಿಂದ ಅದರ ಹತ್ತಿರ ಹೋದವರಲ್ಲ. ಸಂತು ನನಗೆ ವಿವರಿಸತೊಡಗಿದ, ಅಕ್ಕಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ.

"ಅಕ್ಕ, ನೋಡು, ಇದು ಈಗ ಎಷ್ಟು ಕಾದರೂ ಹಿಡಿತ ಬಿಡುವುದಿಲ್ಲ."

"ದಪ್ಪ ಎಷ್ಟುಂಟು ಅಂತ ಕೇಳು," ಎಂದರು ಅಪ್ಪ, ನನ್ನ ಕಡೆ ನೋಡಿ.

ನಾನು ಕೇಳಿದೆ. ಅವನು ನನಗೆ ಹೇಳಿದ. ನಾನು ಅಪ್ಪನಿಗೆ ಹೇಳಿದೆ. ನಗಬೇಡಿ, ನಮ್ಮ ಮನೆಯಲ್ಲಿ ಇದೇ ಕ್ರಮ. ಅಪ್ಪ ಬೆರಳಿನಿಂದ ಡಿಸ್ಕನ್ನು ಮುಟ್ಟಿ ನೋಡಿದರು, ಬಲೆಯ ಕಣ್ಣು ಪರೀಕ್ಷಿಸುವಾಗ ಮುಟ್ಟುತ್ತಿದ್ದ ಹಾಗೆ. ಎದ್ದು ನಿಂತು ಹೇಳಿದರು, "ಒಳ್ಳೆ ಸಾಮಾನು. ಅವನಿಗೆ ಹೇಳು, ನಾಳೆ ಕಾರ್ಕಳದ ಮದುವೆಗೆ ನಾನೂ ಇದರಲ್ಲೇ ಬರ್ತೇನೆ."

ಸಂತು ಕೇಳಿಸದವನ ಹಾಗೆ ಬಾನೆಟ್ಟು ಮುಚ್ಚಿದ. ಆದರೆ ಕತ್ತಲಾಗುವವರೆಗೆ ಕಾರು ತೊಳೆದ. ಮುಂದಿನ ಸೀಟನ್ನು ಹಿಂದೆ ಸರಿಸಿ ಕಾಲು ಚಾಚಲು ಜಾಗ ಮಾಡಿದ, ಅದರ ಮೇಲೆ ಒಂದು ತೊಳೆದ ಟವೆಲು ಹಾಸಿದ.

ಇಲ್ಲಿ ಅಪ್ಪನ ಎಣ್ಣೆಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಹಿಂದೆ ಮರದ ಬೋಟುಗಳಿಗೆ ಬೂತಾಯಿ ಮೀನಿನ ಎಣ್ಣೆ ಹಚ್ಚುತ್ತಿದ್ದರು, ಉಪ್ಪು ನೀರು ತಿನ್ನದಿರಲಿ ಎಂದು. ಅಪ್ಪ ಬೋಟು ಬಿಟ್ಟರೂ ಎಣ್ಣೆ ಬಿಡಲಿಲ್ಲ. ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಅದು ಸದಾ ಇರುತ್ತಿತ್ತು. ಜೊತೆಗೆ ಲುಂಗಿಯ ಒಂದು ತುಂಡು. ಸಮುದ್ರದ ಬದಿಯಲ್ಲಿ ಕಬ್ಬಿಣ ಇದ್ದರೆ ಅದಕ್ಕೆ ಎಣ್ಣೆ ಬೇಕು, ಇದು ಅವರ ಧರ್ಮ. ಗೇಟಿನ ತಿರುಗಣಿ, ಬಾವಿಯ ರಾಟೆ, ಅಮ್ಮನ ಹೊಲಿಗೆ ಯಂತ್ರ, ತೆಂಗಿನಕಾಯಿ ತುರಿಯುವ ಮಣೆ, ಯಾವುದನ್ನೂ ಬಿಡುತ್ತಿರಲಿಲ್ಲ. ಮಳೆಗಾಲ ಶುರುವಾಗುವ ಮೊದಲು ನನ್ನ ಕೊಡೆಯ ಕಡ್ಡಿಗಳಿಗೂ ಹಚ್ಚಿಡುತ್ತಿದ್ದರು. ಜೂನ್ ತಿಂಗಳಲ್ಲಿ ನಾನು ಗ್ರಂಥಾಲಯದ ಮೂಲೆಯಲ್ಲಿ ಕೊಡೆ ಬಿಡಿಸಿಟ್ಟರೆ ಆ ಮೂಲೆಯ ಮೇಜುಗಳಲ್ಲಿ ಯಾರೂ ಕೂರುತ್ತಿರಲಿಲ್ಲ. ಯಾರ ಮೇಲಾದರೂ ಅಪ್ಪನಿಗೆ ಪ್ರೀತಿ ಇದೆ ಎಂದು ತಿಳಿಯಬೇಕಾದರೆ ಅವರ ಸಾಮಾನನ್ನು ಮೂಸಿ ನೋಡಿದರೆ ಸಾಕಿತ್ತು.

ಇನ್ನು ನೀವೇ ಊಹಿಸಿಕೊಂಡಿರಬಹುದು. ಭಾನುವಾರ ಬೆಳಿಗ್ಗೆ ಅಪ್ಪ ಎಲ್ಲರಿಗಿಂತ ಮೊದಲು ಎದ್ದಿದ್ದಾರೆ. ಮಗನ ಹೊಸ ಬ್ರೇಕು ನೋಡಲು ಹೋಗಿದ್ದಾರೆ. ತೊಳೆದ ನೀರು, ರಾತ್ರಿಯ ಉಪ್ಪು ಗಾಳಿ ಸೇರಿ ಡಿಸ್ಕಿನ ಮೇಲೆ ತುಕ್ಕು ಕೂತಿತ್ತು. ಅದು ಬಂದ ಹಾಗೆಯೇ ಹೋಗುವ ತುಕ್ಕು, ಬ್ರೇಕು ಒಂದೆರಡು ಸಲ ಒತ್ತಿದರೆ ಉಜ್ಜಿ ಹೋಗುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದರೂ, ಬ್ರೇಕು ಜಾರಿಸುವ ಎಣ್ಣೆ ಹಚ್ಚುವವರು ಲೋಕದಲ್ಲೇ ಇಲ್ಲ. ನಮ್ಮ ಅಂಗಳದಲ್ಲಿ ಒಬ್ಬರಿದ್ದರು. ಇಷ್ಟು ಒಳ್ಳೆಯ ಸಾಮಾನು ಒಂದೇ ರಾತ್ರಿಯಲ್ಲಿ ಹಾಳಾಗುತ್ತಿದೆಯಲ್ಲ ಎಂದು ಅವರ ಹೊಟ್ಟೆ ಉರಿದಿರಬೇಕು. ಮುಂದಿನ ಎರಡೂ ಚಕ್ರಗಳ ಸಂದಿನಿಂದ ಕೈ ತೂರಿಸಿ ನೀಟಾಗಿ ಎಣ್ಣೆ ಉಜ್ಜಿದ್ದಾರೆ. ನಾನಾಗ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದೆ. ಇನ್ನು ವಾಸನೆ ಅಂತೀರಾ, ಕಾಪುವಿನಲ್ಲಿ ಮೀನಿನ ವಾಸನೆಗೆ ಯಾರೂ ಮೂಗು ಎತ್ತುವುದಿಲ್ಲ.

ಹೊರಟೆವು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಮುಂದೆ, ನಾನು ಹಿಂದೆ ರೇಷ್ಮೆ ಸೀರೆಯಲ್ಲಿ. ಏಸಿ ಬೇಡವೆಂದು ಅಪ್ಪ ಗಾಜು ಇಳಿಸಿಕೊಂಡರು. ಓಣಿಯಲ್ಲಿ ಸಂತು ಮೊದಲನೇ ಗೇರಿನಲ್ಲಿ, ಮೊಟ್ಟೆಯ ಬುಟ್ಟಿ ಹೊತ್ತವನ ಹಾಗೆ ಕಾರು ಬಿಟ್ಟ. ಬ್ರೇಕೇ ಬೇಕಾಗಲಿಲ್ಲ. ಓಣಿ ಮುಗಿದು ಡಾಂಬರು ರಸ್ತೆ ಬಂತು, ಅಪ್ಪ ಸೀಟಿಗೆ ಒರಗಿದರು. ನನಗೆ ತಿಳಿದ ಮಟ್ಟಿಗೆ ಅವರಿಗೆ ಖುಷಿಯಾಗಿತ್ತು. ಸಂತುವಿಗೂ ಅದು ತಿಳಿಯಿತು ಎಂದು ಕಾಣುತ್ತದೆ, ಸ್ವಲ್ಪ ವೇಗ ಹೆಚ್ಚಿಸಿದ, ಹೆಚ್ಚೇನಿಲ್ಲ. ಎದುರು ಹೆದ್ದಾರಿ ಕಂಡಿತು. ಬ್ರೇಕು ಒತ್ತಿದ.

ಕಾರು ನಿಲ್ಲಲಿಲ್ಲ. ಸ್ವಲ್ಪ ತಗ್ಗಿದ ಹಾಗಾಗಿ ಜಾರುತ್ತಲೇ ಹೋಯಿತು. ಅವನು ಇನ್ನೂ ಒತ್ತಿದ, ಸೀಟಿನಿಂದ ಎದ್ದು ನಿಂತವನ ಹಾಗೆ ಒತ್ತಿದ. ಉಡುಪಿ ಕಡೆಗೆ ಹೋಗುತ್ತಿದ್ದ ಬಸ್ಸಿನ ಹಾರನ್ನು ನನ್ನ ತಲೆಯೊಳಗೇ ಕೂಗಿದಂತೆ ಕೇಳಿತು. ಆಗ ನಾನು ಹಿಂದಿನಿಂದ ನೋಡಿದ್ದು ಒಂದೇ. ಅಪ್ಪ ಬಲಗೈಯನ್ನು ಬೀಸಿ ಸಂತುವಿನ ಎದೆಗೆ ಅಡ್ಡ ಹಿಡಿದರು. ಹಗ್ಗ ಎಳೆದೆಳೆದು ಗಂಟುಗಟ್ಟಿದ, ಈಗ ಸೊರಗಿದ ಕೈ. ಮಗ ಮುಂದಕ್ಕೆ ಮುಗ್ಗರಿಸದ ಹಾಗೆ ಒತ್ತಿ ಹಿಡಿದಿದ್ದರು. ಸಂತು ಹ್ಯಾಂಡ್‌ಬ್ರೇಕು ಎಳೆದ. ಹಿಂದಿನ ಚಕ್ರಗಳು ಕಿರುಚಿ, ಕಾರು ಹೆದ್ದಾರಿಯೊಳಗೆ ಮೂತಿ ತೂರಿಸಿ ಅಡ್ಡವಾಗಿ ನಿಂತಿತು. ಬಸ್ಸು ಮೂತಿಯ ಎದುರಿನಿಂದ ಗಾಳಿ ಎಬ್ಬಿಸಿಕೊಂಡು ಹೋಯಿತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ ತುಳುವಿನಲ್ಲಿ ಬೈದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಕಾರನ್ನು ಬದಿಗೆ ತಂದು ಸಂತು ಇಳಿದ. ನಾನೂ ಇಳಿದೆ. ಅಪ್ಪ ಬೆಲ್ಟು ಬಿಚ್ಚದೆ ನೇರ ಮುಂದೆ ನೋಡುತ್ತ ಕೂತೇ ಇದ್ದರು. ಸಂತು ಚಕ್ರದ ಬಳಿ ಬಗ್ಗಿ, ಬೆರಳು ತಾಗಿಸಿ, ಮೂಗಿನ ಹತ್ತಿರ ತಂದ. ನನಗೂ ತೋರಿಸಿದ. ಬಿಸಿ ತಾಗಿದ ಬೂತಾಯಿ ಎಣ್ಣೆಯ ವಾಸನೆ, ಮೀನು ಸೀದ ಹಾಗೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರು, ಯಾಕೆ ಎಂದು ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ.

"ಅಪ್ಪನಿಗೆ ಹೇಳ್ಬೇಡ," ಎಂದ ಮೆಲ್ಲಗೆ. "ಗೊತ್ತಾದ್ರೆ ಅವರು ಉಳಿಯುವುದಿಲ್ಲ ಅಕ್ಕ."

ಆಮೇಲೆ ಅಪ್ಪನ ಕಿಟಕಿಯ ಹತ್ತಿರ ಹೋಗಿ, ನನ್ನನ್ನು ನಡುವೆ ಕರೆಯದೆ, ತಾನೇ ಹೇಳಿದ: "ಪ್ಯಾಡ್ ಹೊಸತು ಅಪ್ಪ, ಇನ್ನೂ ಕೂತಿಲ್ಲ. ನಾನು ಜೋರು ಬಂದೆ. ನನ್ನದೇ ತಪ್ಪು."

ಎಷ್ಟೋ ವರ್ಷಗಳ ನಂತರ ಅವನು ಅಪ್ಪನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು, ಅದೂ ಸುಳ್ಳು. ಅಪ್ಪ ಅವನ ಮುಖ ನೋಡಿದರು.

ರೋಶನ್ ಬರುವವರೆಗೆ ಸಂತು ಕಾರಿನ ಹತ್ತಿರ ಉಳಿದ. ನಾನು, ಅಪ್ಪ ಬಸ್ಸು ಹಿಡಿದು ಬೆಳ್ಮಣ್ ಮಾರ್ಗವಾಗಿ ಕಾರ್ಕಳ ಸೇರಿದೆವು. ದಾರಿಯುದ್ದಕ್ಕೂ ಅಪ್ಪ ಹೆಗಲಿನ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಮದುವೆಯ ಹಾಲ್‌ನಲ್ಲಿ ನಲ್ಲಿಯ ಎದುರು ಬಹಳ ಹೊತ್ತು ನಿಂತು ಸಾಬೂನು ಹಾಕಿ ತೊಳೆದರು. ಹೆದರಿಕೆಯಿಂದ ಬೆವರಿರಬೇಕು ಎಂದುಕೊಂಡೆ. ಮಧ್ಯಾಹ್ನ ಎರಡನೇ ಪಂಕ್ತಿಯ ಹೊತ್ತಿಗೆ ಸಂತು ಬಂದ. ಎಣ್ಣೆ ಕುಡಿದ ಪ್ಯಾಡುಗಳನ್ನು ಎಸೆದು ಬೇರೆ ಹಾಕಿಸಿಕೊಂಡು ಬಂದಿದ್ದ. ಅಪ್ಪ ಎಲೆಯ ಎದುರಿನಿಂದ ಎದ್ದು, ಇಡೀ ಕುಟುಂಬದವರ ಎದುರು ಅವನಿಗೆ ಬೈದರು.

"ಇವತ್ತು ನನ್ನನ್ನೂ, ನಿನ್ನ ಅಕ್ಕನನ್ನೂ ಕೊಲ್ತಿದ್ದೆ ನೀನು! ಎಂತ ಅಹಂಕಾರ ನಿಂದು? ಬ್ರೇಕ್ ದೊಡ್ಡದಾದ್ರೆ ಬುದ್ಧಿ ದೊಡ್ಡದಾಗ್ತದಾ?"

ಬಡಿಸುವವರು ಪಾಯಸದ ಪಾತ್ರೆ ಹಿಡಿದು ಹಾಗೇ ನಿಂತರು. ಸಂತು ತಲೆ ತಗ್ಗಿಸಿ, "ಹೌದಪ್ಪ," ಎಂದ. "ತಪ್ಪಾಯ್ತು." ನನಗೆ ಮಾತು ನಾಲಗೆಯ ತುದಿಗೆ ಬಂದಿತ್ತು. ನಲವತ್ತರ ಹತ್ತಿರದ ಮಗನನ್ನು ಹತ್ತು ಜನರೆದುರು ಹೀಗೆ ಮಾಡಬಾರದು, ಅದೂ ತಾನೇ ಮಾಡಿದ ಕೆಲಸಕ್ಕೆ. ಸಂತು ನನ್ನನ್ನು ಒಮ್ಮೆ ನೋಡಿದ. ನಾನು ಬಾಯಿ ಮುಚ್ಚಿ ಹೋಳಿಗೆ ಮುರಿದೆ. ಆ ದಿನ ಅಪ್ಪನ ಮೇಲೆ ಬಂದಷ್ಟು ಕೋಪ ನನಗೆ ಯಾವತ್ತೂ ಬಂದಿಲ್ಲ.

ಆಮೇಲೆ ಮನೆಯಲ್ಲಿ ಎಲ್ಲ ಮೊದಲಿನಂತೆ ಆಯಿತು. "ನಿನ್ನ ತಮ್ಮನಿಗೆ ಹೇಳು," "ಅಪ್ಪನಿಗೆ ಹೇಳು." ನನ್ನ ಟಪಾಲು ನಡೆಯಿತು. ಬದಲಾದದ್ದು ಕಾರು ಮಾತ್ರ. ಘಾಟಿಯಲ್ಲಿ ಗುಂಡಿನ ಹಾಗೆ ಇಳಿಯಲೆಂದು ಹಾಕಿಸಿದ ಬ್ರೇಕು ಅದು, ಅದನ್ನು ಹಾಕಿಕೊಂಡು ಸಂತು ತರಕಾರಿ ತರುವ ಹೆಂಗಸರ ಸ್ಕೂಟರಿನ ವೇಗದಲ್ಲಿ ಓಡಾಡತೊಡಗಿದ. ಭಾನುವಾರ ಕಾರ್ಕಳಕ್ಕೆ ಹೋದರೂ ಬನ್ಸು ತಿಂದು ವಾಪಸು ಬರುತ್ತಿದ್ದ. ಒಮ್ಮೆ ಕೇಳಿದೆ, ಘಾಟಿಗೆ ಯಾಕೆ ಹೋಗುವುದಿಲ್ಲ ಎಂದು.

"ಹೋಗಿದ್ದೆ ಅಕ್ಕ. ಆಗುವುದಿಲ್ಲ. ತಿರುವು ಬಂದ ಕೂಡ್ಲೇ ಎದೆಯ ಮೇಲೆ ಅಪ್ಪನ ಕೈ ಉಂಟು ಅಂತ ಆಗ್ತದೆ."

ಐದಾರು ವರ್ಷ ಕಳೆಯಿತು. ಬಿಸಿಲು, ಮಳೆ, ಉಪ್ಪು ಗಾಳಿ ಸೇರಿ ಆ ಡಿಸ್ಕುಗಳನ್ನು ತಿಂದವು. ಓಡಿಸಿ ಸವೆದದ್ದಲ್ಲ, ನಿಲ್ಲಿಸಿ ತುಕ್ಕು ಹಿಡಿದದ್ದು. ರೋಶನ್ ನೋಡಿ ನಕ್ಕು, ಬದಲಿಸಲೇಬೇಕು ಎಂದನಂತೆ. ಆ ಹೊಸ ಡಿಸ್ಕುಗಳೇ ನಿನ್ನೆ ಬಂದದ್ದು, ಅವುಗಳ ಎದುರೇ ಇವತ್ತು ಬೆಳಿಗ್ಗೆ ಅಪ್ಪ ನಿಂತಿದ್ದದ್ದು. ಈಗ ನಿಮಗೆ ನನ್ನ ಹೆದರಿಕೆ ಅರ್ಥವಾಗಿರಬಹುದು.

ನಾನು ಹಾಲಿನ ಪ್ಯಾಕೆಟ್ಟು ಹಿಡಿದು ಹತ್ತಿರ ಹೋದೆ. ಅಪ್ಪ ತಿರುಗಿ ನೋಡಿದರು. ಮನೆಯ ಹಿಂಬದಿಗೆ ಬರುವಂತೆ ಸನ್ನೆ ಮಾಡಿ ತಾವು ಮುಂದೆ ನಡೆದರು. ಬಚ್ಚಲಿನ ಪಕ್ಕದ ಗೂಡಿಗೆ ಕೈ ಹಾಕಿ, ತೆಂಗಿನ ನಾರಿನ ಹಿಂದಿನಿಂದ ಆ ಬಿಸ್ಕತ್ತಿನ ಡಬ್ಬಿ ತೆಗೆದರು. ಮುಚ್ಚಳದ ಮೇಲೆ ಬೆರಳು ಮುಳುಗುವಷ್ಟು ಧೂಳು. ಅದನ್ನು ಕಂಡಾಗಲೇ ನನಗೆ ಹೊಳೆದದ್ದು. ನಮ್ಮ ಗೇಟು ಕಿರುಗುಟ್ಟಲು ಶುರುವಾಗಿ ಎಷ್ಟೋ ವರ್ಷವಾಗಿದೆ. ಬಾವಿಯ ರಾಟೆಯೂ 'ಕೀಂಯ್' ಎನ್ನುತ್ತದೆ. ನನ್ನ ಕೊಡೆಯ ಮೂಲೆಯಲ್ಲಿ ಈಗ ವಿದ್ಯಾರ್ಥಿಗಳು ಕೂರುತ್ತಾರೆ. ಅದನ್ನೆಲ್ಲ ನಾನು ಅಪ್ಪನಿಗೆ ವಯಸ್ಸಾಯಿತು ಎಂಬ ಲೆಕ್ಕಕ್ಕೆ ಹಾಕಿದ್ದೆ.

"ಇದನ್ನು ತೆಗೆದುಕೊಂಡು ಹೋಗಿ ಎಲ್ಲಾದ್ರೂ ಬಿಸಾಡು ಮಗಾ," ಎಂದರು. "ಮನೆಯಲ್ಲಿದ್ರೆ ಕೈ ಸುಮ್ಮನಿರುವುದಿಲ್ಲ. ಹೊಸ ಬ್ರೇಕ್ ಬಂದಿದೆ."

ಡಬ್ಬಿ ಕೈಗೆ ತೆಗೆದುಕೊಂಡು, "ನಿಮಗೆ ಗೊತ್ತಿತ್ತಾ ಅಪ್ಪ?" ಎಂದೆ.

"ಬಿಸಿ ತಾಗಿದ ಬೂತಾಯಿ ಎಣ್ಣೆಯ ವಾಸನೆ ನನಗೆ ಗೊತ್ತಾಗುವುದಿಲ್ಲವಾ? ಜೀವಮಾನ ಅದರಲ್ಲೇ ಮಿಂದವ ನಾನು. ಅವನು ಬೆರಳು ಮೂಸುವ ಮೊದಲೇ ಗೊತ್ತಾಯ್ತು."

"ಮತ್ತೆ ಮದುವೆಯಲ್ಲಿ ಅವನಿಗೆ ಅಷ್ಟು ಬೈದದ್ದು?"

ಅಪ್ಪ ಬಾವಿಕಟ್ಟೆಯ ಮೇಲೆ ಕೂತರು. "ಬೈಯದೆ ಎಂತ ಮಾಡುವುದು? ನನಗೆ ಗೊತ್ತಾಗಬಾರದು ಅಂತ ಅವನು ಸುಳ್ಳು ಹೇಳಿದ. ನಾನು ಅದನ್ನು ನಂಬಿದ ಹಾಗೆ ಆಗಬೇಕಲ್ಲ. ಸುಮ್ಮನೆ ಕೂತಿದ್ರೆ ಅವನಿಗೆ ಸಂಶಯ ಬರ್ತಿತ್ತು." ಪಂಚೆಯ ತುದಿಯಿಂದ ಕೈ ಒರೆಸಿಕೊಂಡರು. "ಬೈಯುವಾಗ ನನ್ನ ನಾಲಗೆ ಹೇಗೆ ತಿರುಗಿತು ಅಂತ ನನಗೆ ಮಾತ್ರ ಗೊತ್ತು. ಅವನಿಗೆ ಹೇಳ್ಬೇಡ, ಆಯ್ತಾ? ಅಪ್ಪನಿಗೆ ಗೊತ್ತಿಲ್ಲ ಅಂತ ಅವನು ಸಮಾಧಾನದಲ್ಲಿದ್ದಾನೆ. ಇರಲಿ."

ಡಬ್ಬಿ ಹಿಡಿದು ಅಡುಗೆಮನೆಗೆ ಬಂದೆ. ಇಷ್ಟು ವರ್ಷ ಈ ಇಬ್ಬರ ಎಷ್ಟು ಮಾತು ಹೊತ್ತು ತಿರುಗಿದ್ದೇನೆ! ಉಪ್ಪು ಕಡಿಮೆ ಎಂಬುದರಿಂದ ಹಿಡಿದು ಕಾರು ಮಾರು ಎಂಬುದರವರೆಗೆ. ಹೇಳಲೇಬೇಕಾದ ಮಾತು ಒಂದೇ ಒಂದು ಇತ್ತು. ಅದನ್ನು ಹೇಳಬೇಡ ಎಂದು ಇಬ್ಬರೂ ನನ್ನಿಂದ ಮಾತು ತೆಗೆದುಕೊಂಡಿದ್ದರು. ಹಾಲು ಒಲೆಗಿಟ್ಟು ನಿಂತಿದ್ದಾಗ ಅಳು ಬಂತು. ದುಃಖಕ್ಕೆ ಅಂತಲ್ಲ, ಸುಸ್ತಿಗೆ.

ಸಂತು ಹಲ್ಲುಜ್ಜುತ್ತ ಬಂದ. ದಿನವೂ ಕೇಳುವ ಹಾಗೆ ಕೇಳಿದ, "ಅಕ್ಕ, ಅಪ್ಪ ಎಂತ ಹೇಳಿದ್ರು?"

"ನನಗೆ ಬಸ್ಸಿಗೆ ಹೊತ್ತಾಯ್ತು," ಎಂದೆ, ಮುಖ ತಿರುಗಿಸದೆ. "ನೀನೇ ಹೋಗಿ ಕೇಳು ಮಾರಾಯ."

ಅವನು ಬಾಯಿ ತೊಳೆದು ಜಗಲಿಗೆ ಹೋದ. ಅಪ್ಪ ಆಗಲೇ ಬಂದು ಕಂಬಕ್ಕೆ ಒರಗಿ ಕೂತಿದ್ದರು. ಅವನು ಮೆಟ್ಟಿಲ ಮೇಲೆ ಕೂತದ್ದು ನನಗೆ ಕಿಟಕಿಯಿಂದ ಕಾಣಿಸಿತು. ಇಬ್ಬರೂ ಕಾರಿನ ಕಡೆ ನೋಡುತ್ತಿದ್ದರು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು, ನಾನು ಹೋಗಲಿಲ್ಲ.

"ಡಿಸ್ಕಿಗೆ ತುಕ್ಕು ಬಂದಿದೆ," ಎಂದರು ಅಪ್ಪ.

"ಬರ್ತದೆ ಅಪ್ಪ. ಒಮ್ಮೆ ಬ್ರೇಕ್ ಒತ್ತಿದ್ರೆ ಹೋಗ್ತದೆ."

"ಎಂತದಾದ್ರೂ ಹಚ್ಚಬೇಕಾ?"

ಸಂತು ಥಟ್ಟನೆ ತಿರುಗಿ ಅಪ್ಪನ ಮುಖ ನೋಡಿದ. ಅಪ್ಪ ಕಾರಿನ ಮೇಲಿನ ಕಣ್ಣು ತೆಗೆಯಲಿಲ್ಲ.

"ಬೇಡ ಅಪ್ಪ," ಎಂದ ಸಂತು. "ಎಂತ ಹಚ್ಚುವುದೂ ಬೇಡ."

"ಹಾಂ," ಎಂದರು ಅಪ್ಪ. "ಹಚ್ಚುವುದಿಲ್ಲ."